ಅಕ್ಕಿ ಸಂಡಿಗೆ: ಹಿಟ್ಟು ಬೆಂದಿದೆ ಎಂದು ತಿಳಿಯುವುದು ಹೇಗೆ?

ಕಳೆದ ಚೈತ್ರದಲ್ಲಿ ದಾವಣಗೆರೆಯ ನಮ್ಮ ಬೀದಿಯಲ್ಲಿ ಮೂರು ಮನೆಯವರು ಮೊದಲ ಸಲ ಸಂಡಿಗೆ ಇಟ್ಟರು. ಮೂವರೂ ಚಿಕ್ಕ ಮಕ್ಕಳ ತಾಯಂದಿರು, ಮೂವರೂ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತವರು. ಬಿಸಿಲಿಗೇನೂ ಕೊರತೆ ಇರಲಿಲ್ಲ, ನಾಲ್ಕು ದಿನ ಚೆನ್ನಾಗಿಯೇ ಒಣಗಿದವು. ಕರಿದು ನೋಡಿದರೆ ಅಂಚು ಅರಳಿತ್ತು, ನಡುವೆ ಮಾತ್ರ ಕಲ್ಲಿನಂತೆ ಗಟ್ಟಿ. ಒಬ್ಬರ ಮಗ ಕಚ್ಚಿ, ಹಲ್ಲು ನೋವೆಂದು ಅತ್ತುಬಿಟ್ಟ. "ಇನ್ನೂ ಎರಡು ದಿನ ಒಣಗಿಸಬೇಕಿತ್ತೇನೋ ಆಂಟಿ" ಎಂದರು ಅವನ ತಾಯಿ.

ಕರಿಯದೆ ಉಳಿದಿದ್ದ ಒಂದು ಸಂಡಿಗೆಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚೆಲ್ಲ ಗಾಜಿನ ಚೂರಿನಂತೆ ತಿಳಿಯಾಗಿತ್ತು. ನಡುವೆ ಸುಣ್ಣದ ಬೊಟ್ಟು ಇಟ್ಟ ಹಾಗೆ ಒಂದು ಬೆಳ್ಳನೆಯ ಮಚ್ಚೆ. ಅದು ಬೇಯದ ಹಿಟ್ಟು. ತಿಂಗಳುಗಟ್ಟಲೆ ಬಿಸಿಲಿಗೆ ಇಟ್ಟರೂ ಅದು ಎಣ್ಣೆಯಲ್ಲಿ ಅರಳುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಮಿಕ್ಕದ್ದನ್ನೆಲ್ಲ ಚುಟುಕಾಗಿ ಹೇಳಿ, ಒಲೆಯ ಮುಂದೆ ನಿಲ್ಲುವ ಅರ್ಧ ಗಂಟೆಯ ಬಗ್ಗೆ ವಿವರವಾಗಿ ಬರೆಯುತ್ತೇನೆ.

ಯಾವಾಗ ಇಡಬೇಕು

ಹೋಳಿ ಹುಣ್ಣಿಮೆ ಕಳೆದ ಮೇಲೆ, ಅಶ್ವಿನಿ ಮಳೆ ಹುಟ್ಟುವ ಮೊದಲು. ಅಶ್ವಿನಿ ಹುಟ್ಟುವುದು ಏಪ್ರಿಲ್ 14ರ ಸುಮಾರಿಗೆ. ಆಮೇಲೆ ನಮ್ಮ ಕಡೆ ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ನಾಲ್ಕಕ್ಕೆ ಗಾಳಿ, ಗುಡುಗು, ಒಂದೆರಡು ಹನಿ. ಅರ್ಧ ಒಣಗಿದ ಸಂಡಿಗೆ ಒಮ್ಮೆ ನೆನೆದರೆ ಮುಗ್ಗಲು ವಾಸನೆ ಬಿಡುವುದೇ ಇಲ್ಲ. ಯುಗಾದಿ ಬೇಗ ಬಂದ ವರ್ಷ ಹಬ್ಬ ಮುಗಿಸಿಕೊಂಡು ಶುರು ಮಾಡಿ, ತಡವಾಗಿ ಬಂದರೆ ಹಬ್ಬಕ್ಕೆ ಕಾಯಬೇಡಿ.

ಬೇಕಾಗುವುದು

250 ಮಿಲಿ ಹಿಡಿಯುವ ಲೋಟದಲ್ಲಿ 2 ಲೋಟ ಅಕ್ಕಿ, ಕಾಲು ಲೋಟ ಸಬ್ಬಕ್ಕಿ, ಒಟ್ಟು 12 ಲೋಟ ನೀರು, ಆರು ಹಸಿ ಮೆಣಸಿನಕಾಯಿ, ಒಂದು ಟೀ ಚಮಚ ಜೀರಿಗೆ, ಚಿಟಿಕೆ ಇಂಗು, ಒಂದು ನಿಂಬೆಹಣ್ಣು, ಒಂದೂವರೆ ಟೀ ಚಮಚ ಉಪ್ಪು. ತೀರಾ ಚಿಕ್ಕ ಮಕ್ಕಳಿದ್ದರೆ ಮೆಣಸಿನಕಾಯಿ ಮೂರು ಸಾಕು. ಮೊದಲ ಸಲ ಇದಕ್ಕಿಂತ ಹೆಚ್ಚಿಗೆ ಹಾಕಿಕೊಳ್ಳಬೇಡಿ. ಎರಡು ಕೈ ಮಗುಚಲಾಗದಷ್ಟು ಹಿಟ್ಟು ಇಟ್ಟುಕೊಂಡವರ ಪಾತ್ರೆಯೇ ತಳ ಹಿಡಿಯುವುದು.

ಉಪ್ಪು ಕಡಿಮೆಯಾಯಿತೆಂದು ಗಂಜಿಯ ರುಚಿ ನೋಡಿ ಮತ್ತೆ ಸೇರಿಸುವವರು ಬಹಳ. ನೀರೆಲ್ಲ ಬಿಸಿಲಿಗೆ ಹಾರಿಹೋಗುತ್ತದೆ, ಉಪ್ಪು ಅಷ್ಟೂ ಸಂಡಿಗೆಯಲ್ಲೇ ಉಳಿಯುತ್ತದೆ. ಗಂಜಿ ಬಾಯಿಗೆ ಸಪ್ಪೆ ಅನ್ನಿಸಬೇಕು, ಆಗಲೇ ಕರಿದಾಗ ಸರಿಯಾಗಿರುತ್ತದೆ.

ಅಕ್ಕಿ ಹಳೆಯದಿರಲಿ. ಮಂಡಿಪೇಟೆಯ ಅಂಗಡಿಗಳಲ್ಲಿ ಹಳೆ ಅಕ್ಕಿ ಎಂದು ಕೇಳಿದರೆ ಕೊಡುತ್ತಾರೆ. ಭದ್ರಾ ನಾಲೆಯ ಬಯಲಿನಿಂದ ಆಗಷ್ಟೇ ಬಂದ ಹೊಸ ಅಕ್ಕಿ ಅಂಟಂಟಾಗಿ ಬಟ್ಟೆ ಬಿಡುವುದಿಲ್ಲ. ಕುಸುಬಲಕ್ಕಿ ಬೇಡ. ಪಡಿತರದ ಅಕ್ಕಿ ಚೆನ್ನಾಗಿಯೇ ಆಗುತ್ತದೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ ಕಾಳು ಕಂಡು, ಪ್ಲಾಸ್ಟಿಕ್ ಅಕ್ಕಿ ಎಂದು ಹೆದರಿ ಆರಿಸಿ ಎಸೆಯುವವರನ್ನು ನೋಡಿದ್ದೇನೆ. ದಯವಿಟ್ಟು ಎಸೆಯಬೇಡಿ. ಅಕ್ಕಿ ಹಿಟ್ಟಿಗೇ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು ಅದು, ಮಕ್ಕಳಿಗೆ ಬೇಕಾದದ್ದೇ.

ನೆನೆಸಿ ರುಬ್ಬುವುದು

ಅಕ್ಕಿಯನ್ನು ಎರಡು ರಾತ್ರಿ ನೆನೆಸಿ, ಬೆಳಿಗ್ಗೆ ಸಂಜೆ ನೀರು ಬದಲಾಯಿಸಿ. ಸಬ್ಬಕ್ಕಿಯನ್ನು ಕೊನೆಯ ನಾಲ್ಕು ಗಂಟೆ ನೆನೆಸಿದರೆ ಸಾಕು. ಎರಡನ್ನೂ ಸೇರಿಸಿ, ಬೆರಳಲ್ಲಿ ಉಜ್ಜಿದರೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ. ಹಿಟ್ಟಿನ ಪೊಟ್ಟಣ ತಂದು ನೇರವಾಗಿ ಕಲಸುವುದು ನನಗೆ ಒಪ್ಪಿಗೆಯಿಲ್ಲ, ಅದು ತರಿಯಾಗಿರುತ್ತದೆ ಮತ್ತು ನೆನೆದ ಅಕ್ಕಿಯ ಸಣ್ಣ ಹುಳಿ ಅದಕ್ಕೆ ಬರುವುದಿಲ್ಲ.

ಹಿಟ್ಟು ಬೇಯಿಸುವುದು

ಏಳೆಂಟು ಲೀಟರಿನ, ತಳ ದಪ್ಪವಿರುವ ಪಾತ್ರೆ ಇಡಿ. ಮುದ್ದೆ ಕೋಲು ಇದ್ದರೆ ಅದನ್ನೇ ತೆಗೆದುಕೊಳ್ಳಿ, ಸ್ಟೀಲ್ ಸೌಟಿನ ಹಿಡಿ ಹತ್ತು ನಿಮಿಷದಲ್ಲಿ ಕೈ ಸುಡುತ್ತದೆ. ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಈ ಗಂಜಿ ಕುದಿಯುವಾಗ ಸಿಡಿಯುತ್ತದೆ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

12 ಲೋಟದಲ್ಲಿ 8 ಲೋಟ ನೀರನ್ನು ಎಸರಿಗಿಡಿ. ಉಪ್ಪು, ಇಂಗು, ಜಜ್ಜಿದ ಮೆಣಸಿನಕಾಯಿ, ಜೀರಿಗೆ ಅದಕ್ಕೇ ಹಾಕಿ. ಇತ್ತ ರುಬ್ಬಿದ ಹಿಟ್ಟಿಗೆ ಮಿಕ್ಕ ನೀರು ಸೇರಿಸಿ ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ರುಬ್ಬಲು ಬಳಸಿದ ನೀರೂ ಈ ನಾಲ್ಕು ಲೋಟದ ಲೆಕ್ಕದೊಳಗೇ ಬರಬೇಕು. ಇಲ್ಲಿ ಬಹಳ ಜನ ಅವಸರ ಮಾಡುತ್ತಾರೆ: ಗಟ್ಟಿ ಹಿಟ್ಟನ್ನೇ ಕುದಿಯುವ ನೀರಿಗೆ ಸುರಿಯುತ್ತಾರೆ. ಹಿಟ್ಟಿನ ಹೊರಮೈ ಬಿಸಿ ತಾಗಿದ ಕ್ಷಣ ಬೆಂದು ಪೊರೆ ಕಟ್ಟುತ್ತದೆ, ಒಳಗಿನ ಹಸಿ ಹಿಟ್ಟಿಗೆ ನೀರು ತಲುಪದೆ ಗಂಟಾಗುತ್ತದೆ. ತೆಳ್ಳಗಿದ್ದರೆ ಆ ತೊಂದರೆಯಿಲ್ಲ. ಎಸರು ಮರಳಿದ ಮೇಲೆ ಉರಿ ಪೂರಾ ತಗ್ಗಿಸಿ, ಒಂದು ಕೈಯಲ್ಲಿ ಸಣ್ಣ ಧಾರೆಯಾಗಿ ಹಿಟ್ಟು ಬಿಡುತ್ತ, ಇನ್ನೊಂದು ಕೈಯಲ್ಲಿ ತಳ ಮುಟ್ಟಿ ತಿರುವುತ್ತಿರಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಸುರಿಯುವುದು ಅವರ ಕೆಲಸವಾಗಲಿ.

ನಾಲ್ಕೈದು ನಿಮಿಷಕ್ಕೆ ಗಂಜಿ ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ. ಕೋಲು ತಿರುಗಿಸಲು ಭಾರವಾಗುತ್ತದೆ. ನೋಡಲು ಆಯಿತು ಅನ್ನಿಸುತ್ತದೆ. ನಮ್ಮ ಬೀದಿಯ ಮೂವರೂ ಒಲೆ ಆರಿಸಿದ್ದು ಇಲ್ಲಿಯೇ. ಬಿಗಿಯಾಯಿತೆಂದರೆ ಹಿಟ್ಟು ನೀರು ಹೀರತೊಡಗಿದೆ ಎಂದಷ್ಟೇ ಅರ್ಥ. ಈಗ ಅದರ ಬಣ್ಣ ನೋಡಿ: ಮೊಸರಿನ ಹಾಗೆ ಅಚ್ಚ ಬಿಳಿ. ಮೂಸಿ ನೋಡಿ, ಹಸಿ ಹಿಟ್ಟಿನ ವಾಸನೆ ಇನ್ನೂ ಇದೆ.

ಇಲ್ಲಿಂದ ಸಣ್ಣ ಉರಿಯಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷ ತಿರುವಬೇಕು. ಕೋಲು ಪಾತ್ರೆಯ ಮೂಲೆಮೂಲೆಗೂ ಹೋಗಲಿ. ಹಳೆ ಅಕ್ಕಿ ನೀರು ಹೆಚ್ಚು ಕುಡಿಯುತ್ತದೆ, ಆದ್ದರಿಂದ ಪಕ್ಕದ ಒಲೆಯಲ್ಲಿ ಒಂದು ಲೋಟ ಬಿಸಿನೀರು ಇರಲಿ. ಕೋಲು ನಿಂತುಬಿಡುವಷ್ಟು ಗಟ್ಟಿಯಾದರೆ ಸ್ವಲ್ಪ ಸ್ವಲ್ಪ ಸೇರಿಸಿ. ತಣ್ಣೀರು ಹಾಕಬೇಡಿ, ಮತ್ತೆ ಗಂಟಾಗುತ್ತದೆ. ಹತ್ತು ನಿಮಿಷದ ಹೊತ್ತಿಗೆ ಪಾತ್ರೆಯ ಅಂಚಿನಿಂದ ಬಿಳುಪು ಕರಗಿ, ನೆನೆದ ಸಬ್ಬಕ್ಕಿಯ ತಿಳಿ ಬಣ್ಣ ಬರತೊಡಗುತ್ತದೆ. ನಿಧಾನವಾಗಿ ಅದು ನಡುವಿನವರೆಗೂ ಹರಡುತ್ತದೆ. ಗುಳ್ಳೆಗಳು ಮೊದಲಿನಂತೆ ಪಟಪಟ ಒಡೆಯದೆ, ಉಬ್ಬಿ, ತಡೆದು, ಪಚಕ್ ಎಂದು ಕುಸಿಯುತ್ತವೆ. ಹಸಿ ವಾಸನೆ ಹೋಗಿ ಬೆಂದ ಅನ್ನದ ಘಮ ಬರುತ್ತದೆ.

ಇಷ್ಟಾದ ಮೇಲೂ ಎರಡು ಪರೀಕ್ಷೆ ಮಾಡಿ. ಕೋಲಿಗೆ ಅಂಟಿದ ಗಂಜಿ ಸ್ವಲ್ಪ ಆರಲಿ, ಬೆರಳನ್ನು ನೀರಿನಲ್ಲಿ ಅದ್ದಿ ಅದನ್ನು ಮುಟ್ಟಿ. ಬೆರಳಿಗೆ ಹತ್ತಬಾರದು. ಆಮೇಲೆ ಸ್ಟೀಲ್ ತಟ್ಟೆಯ ಮೇಲೆ ಒಂದು ಚಮಚ ಹಾಕಿ ಮೂರು ನಿಮಿಷ ಬಿಡಿ. ಅಂಚನ್ನು ಉಗುರಿನಿಂದ ಎತ್ತಿದರೆ ಮೆತ್ತನೆಯ ಹಾಳೆಯಂತೆ ಏಳಬೇಕು. ತಟ್ಟೆಗೆ ಬಳಿದುಕೊಂಡರೆ ಇನ್ನೂ ಐದು ನಿಮಿಷ ಬೇಯಿಸಿ. ಎರಡರಲ್ಲೂ ಗೆದ್ದರೆ ಒಲೆ ಆರಿಸಿ, ಮುಚ್ಚಿ ಹತ್ತು ನಿಮಿಷ ಹಾಗೆಯೇ ಬಿಡಿ, ಕೊನೆಗೆ ನಿಂಬೆರಸ ಹಿಂಡಿ. ನಿಂಬೆರಸದಿಂದ ಸಂಡಿಗೆ ಕರಿದಾಗ ಬೆಳ್ಳಗಾಗುತ್ತದೆ.

ಕುಕ್ಕರಿನಲ್ಲಿ ನಾಲ್ಕು ಕೂಗು ಹಾಕಿಸಿದರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ಹಿಟ್ಟು ತಳಕ್ಕಿಳಿದು ಗಟ್ಟಿ ಪದರವಾಗುತ್ತದೆ, ಮೇಲೆ ನೀರು ನಿಲ್ಲುತ್ತದೆ. ಚೆನ್ನಾಗಿ ಅರಳಲೆಂದು ಅಡುಗೆ ಸೋಡ, ಸಂಡಿಗೆ ಖಾರ (ಹಪ್ಪಳಕ್ಕೆ ಹಾಕುವ ಕ್ಷಾರದ ಪುಡಿ) ಹಾಕುವುದೂ ಬೇಡ. ಸ್ವಲ್ಪ ಹೆಚ್ಚಾದರೆ ಸಂಡಿಗೆ ಕರಿದಾಗ ಕೆಂಪಗಾಗುತ್ತದೆ, ನಾಲಿಗೆಗೆ ಒಗರು. ಮಕ್ಕಳು ಇಷ್ಟಪಡುತ್ತಾರೆಂದು ಹಸಿರು, ಗುಲಾಬಿ ಪುಡಿ ಬಣ್ಣ ಬೆರೆಸುವುದನ್ನಂತೂ ನಿಲ್ಲಿಸಿ. ಬಣ್ಣ ಬೇಕೆಂದರೆ ಬೀಟ್‌ರೂಟ್ ತುರಿದು ಹಿಂಡಿದ ರಸ ಹಾಕಿ. ಬಿಸಿಲಿಗೆ ಕೊಂಚ ಮಾಸುತ್ತದೆ, ಮಾಸಲಿ.

ಬಟ್ಟೆಯ ಮೇಲೆ ಇಡುವುದು

ಹಿಟ್ಟು ಬೇಯಿಸುವ ಕೆಲಸ ಬೆಳಿಗ್ಗೆ ಏಳರೊಳಗೆ ಮುಗಿದಿರಬೇಕು. ಮಾಳಿಗೆಯ ಮೇಲೆ ಚಾಪೆ ಹಾಸಿ, ಅದರ ಮೇಲೆ ಹಳೆಯ ಬಿಳಿ ಪಂಚೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಹರಡಿ. ಗಂಜಿ ಉಗುರು ಬೆಚ್ಚಗಿರುವಾಗಲೇ ಚಮಚದಿಂದ ಬಿಡುತ್ತ ಬನ್ನಿ, ಆರಿದರೆ ಹರಡಿಕೊಳ್ಳುವುದಿಲ್ಲ. ಎರಡು ಅಂಗುಲ ಅಗಲ ಸಾಕು. ಚಮಚದ ಬೆನ್ನಿನಿಂದ ಸವರಿ ತೀರಾ ತೆಳ್ಳಗೆ ಮಾಡಬೇಡಿ, ಒಣಗಿದಾಗ ಸೀಳುತ್ತದೆ.

ಹಳೆಯ ಫ್ಲೆಕ್ಸ್ ಬ್ಯಾನರ್ ಮೇಲೆ ಸಂಡಿಗೆ ಒಣಗಿಸುವುದನ್ನು ಈಚೆಗೆ ಪ್ರತಿ ಬಡಾವಣೆಯಲ್ಲೂ ನೋಡುತ್ತಿದ್ದೇನೆ. ಯಾವುದೋ ಹುಟ್ಟುಹಬ್ಬಕ್ಕೋ ಚುನಾವಣೆಗೋ ಕಟ್ಟಿದ್ದನ್ನು ಬಿಚ್ಚಿ ತಂದು, ಶಾಯಿಯ ಮುಖ ಕೆಳಗೆ ಮಾಡಿ ಹಾಸುತ್ತಾರೆ. ಆಹಾರ ಇಡಲು ಮಾಡಿದ ವಸ್ತು ಅದಲ್ಲ. ಕಾದ ಮಾಳಿಗೆಯ ಮೇಲೆ ಅದರ ವಾಸನೆ ಮೂಗಿಗೆ ಬಡಿಯುತ್ತದೆ, ಆ ಬಿಸಿಯಲ್ಲಿ ಅದರ ಮೇಲಿರುವುದು ನಿಮ್ಮ ಮಕ್ಕಳು ತಿನ್ನುವ ವಸ್ತು. ಹಳೆಯ ಪಂಚೆ ಇಲ್ಲದ ಮನೆ ಉಂಟೇ? ಇಲ್ಲವೆಂದರೆ ಅಜ್ಜಿಯ ಹತ್ತಿ ಸೀರೆ ಇದೆ.

ಮೊದಲ ದಿನ ಸಂಜೆ ಬಟ್ಟೆಯ ಸಮೇತ ಒಳಗೆ ತನ್ನಿ, ಕೀಳಬೇಡಿ. ಎರಡನೆಯ ದಿನ ಬಿಸಿಲಿಗೆ ಹಾಕಿ, ಮಧ್ಯಾಹ್ನ ಬಟ್ಟೆಯನ್ನು ಮಗುಚಿ ಬೆನ್ನಿಗೆ ನೀರು ಚಿಮುಕಿಸಿ ಐದು ನಿಮಿಷ ಕಾಯಿರಿ. ಒಂದೊಂದಾಗಿ ತಾನೇ ಬಿಡುತ್ತವೆ. ಮುಂದಿನ ಎರಡು ದಿನ ಮೊರದಲ್ಲಿ ಒಣಗಿದರೆ ಮುಗಿಯಿತು. ಬಾಗದೆ ಪಟ್ ಎಂದು ಮುರಿಯಬೇಕು. ರಸ್ತೆ ಅಗೆದಿರುವ ಬೀದಿಯಾದರೆ ನಾಲ್ಕು ಕುರ್ಚಿಗೆ ತೆಳು ಸೀರೆ ಕಟ್ಟಿ ಮೇಲೆ ಮರೆ ಮಾಡಿ, ದೂಳು ಕೂರುವುದಿಲ್ಲ.

ಕಾಗೆ, ಅಳಿಲು ಕಾಯುವ ಕೆಲಸ ಮಕ್ಕಳದು, ಬೆಳಿಗ್ಗೆ ಹತ್ತರವರೆಗೆ ಮಾತ್ರ. ಬಟ್ಟೆಯ ಒಂದು ಮೂಲೆಯನ್ನು ಅವರಿಗೇ ಬಿಟ್ಟುಕೊಡಿ. ಅಲ್ಲಿ ಅವರು ಇಟ್ಟ ಸಂಡಿಗೆ ಸೊಟ್ಟಗಿರಲಿ, ಒಂದಕ್ಕೊಂದು ಅಂಟಿರಲಿ, ತಿದ್ದಲು ಹೋಗಬೇಡಿ. ಸಂಜೆ ಮೇಲೆ ಗರಿಗರಿ, ಒಳಗೆ ಜಿಗುಟಾದ ಅರೆಒಣಗಿದ ಸಂಡಿಗೆಯನ್ನು ಅವರು ಕದ್ದು ತಿನ್ನುತ್ತಾರೆ. ತಿನ್ನಲು ಬಿಡಿ. ಪಾತ್ರೆಯಲ್ಲಿ ಉಳಿದ ಗಂಜಿಗೆ ತುಪ್ಪ ಹಾಕಿ ಬಿಸಿಯಾಗಿಯೇ ಕೊಟ್ಟರೆ ಅದೇ ಅವರ ತಿಂಡಿ. ಬೇಲದ ಹಣ್ಣು ಸಿಗುವ ಕಾಲವೂ ಇದೇ. ತಿರುಳನ್ನು ಬೆಲ್ಲ, ಏಲಕ್ಕಿಯೊಂದಿಗೆ ನೀರಿನಲ್ಲಿ ಕಿವುಚಿ ಸೋಸಿದರೆ ಕಾವಲುಗಾರರಿಗೆ ಪಾನಕ.

ಅದೇ ಮಾಳಿಗೆಯಲ್ಲಿ ಎರಡು ಕುಂಡ

ಅಕ್ಕಿ ತೊಳೆದ ನೀರನ್ನು ಚೆಲ್ಲಬೇಡಿ, ಎರಡು ಅಗಲ ಕುಂಡಗಳಲ್ಲಿ ಮೆಂತ್ಯ, ದಂಟು ಹಾಕಿ ಅವಕ್ಕೆ ಹಾಕಿ. ಮೆಂತ್ಯಕ್ಕೆ ಸಾಂಬಾರ ಡಬ್ಬಿಯ ಕಾಳೇ ಸಾಕು, ರಾತ್ರಿ ನೆನೆಸಿ ಬಿತ್ತಿದರೆ ನಾಲ್ಕು ದಿನಕ್ಕೆ ಮೊಳಕೆ, ಇಪ್ಪತ್ತೈದು ದಿನದೊಳಗೆ ಸೊಪ್ಪು. ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಮರಳು ಬೆರೆಸಿ ಉದುರಿಸಿ. ಕೊತ್ತಂಬರಿ ಈಗ ಬೇಡ. ಈ ಬಿಸಿಲಿಗೆ ಅದು ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ, ಮುಂಗಾರು ಬರಲಿ. ಕುಂಡಗಳನ್ನು ಮಧ್ಯಾಹ್ನದ ನೆರಳು ಬೀಳುವ ಕಡೆ ಗೋಡೆಯ ಮಗ್ಗುಲಲ್ಲಿಡಿ. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಕೊಟ್ಟರೆ ನೀರು ಹಾಕುವುದೂ ಮಕ್ಕಳ ಕೆಲಸ. ಚೊಂಬಿನಿಂದ ಸುರಿದರೆ ಬೀಜ ಮೂಲೆಗೆ ಕೊಚ್ಚಿಹೋಗುತ್ತದೆ.

ಕರಿಯುವುದು, ತುಂಬಿಡುವುದು

ಡಬ್ಬಿಗೆ ತುಂಬುವ ಮೊದಲು ಎರಡು ಸಂಡಿಗೆ ಕರಿದು ನೋಡಿ. ಎಣ್ಣೆ ಚೆನ್ನಾಗಿ ಕಾಯಲಿ, ಹೊಗೆಯಾಡುವುದು ಬೇಡ. ಹಾಕಿದ ಕೂಡಲೇ ತೇಲಿ, ಎರಡು ಪಟ್ಟು ಅರಳಬೇಕು. ನಡುವೆ ಗಟ್ಟಿ ಉಳಿದರೆ ಕರಿಯದ ಒಂದು ಸಂಡಿಗೆಯನ್ನು ಬೆಳಕಿಗೆ ಹಿಡಿಯಿರಿ. ಎಲ್ಲ ಕಡೆ ತಿಳಿಯಾಗಿದ್ದರೆ ಇನ್ನೊಂದು ಬಿಸಿಲು ಬೇಕು ಅಷ್ಟೇ. ಬಿಳಿ ಮಚ್ಚೆ ಕಂಡರೆ ಆ ಸಂಡಿಗೆಯನ್ನು ಕರಿಯಬೇಡಿ, ಬಿಸಿನೀರಿನಲ್ಲಿ ನೆನೆಸಿ ಒಗ್ಗರಣೆ ಹಾಕಿ ಉಪ್ಪಿಟ್ಟಿನಂತೆ ಬೇಯಿಸಿಕೊಂಡು ತಿನ್ನಬಹುದು, ಹಾಳಾಗುವುದಿಲ್ಲ. ಕರಿದು ನೋಡಿದ್ದು ಚೆನ್ನಾಗಿ ಅರಳಿದರೆ, ಮಿಕ್ಕ ಒಣ ಸಂಡಿಗೆಯನ್ನು ಬಿಸಿಲಿನ ಕಾವು ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ. ಮೇ ಕೊನೆಯಲ್ಲಿ ಒಮ್ಮೆ ಹೊರತೆಗೆದು ಅರ್ಧ ದಿನ ಬಿಸಿಲಿಗೆ ಹಾಕಿ ಮತ್ತೆ ಮುಚ್ಚಿಡಿ. ಮಕ್ಕಳು ಇಟ್ಟ ಸೊಟ್ಟ ಸಂಡಿಗೆಗಳನ್ನು ಬೇರೆ ಸಣ್ಣ ಡಬ್ಬಿಯಲ್ಲಿ ಹಾಕಿ, ಮೊದಲು ಅವನ್ನೇ ಕರಿಯಿರಿ.