ಪಿಪ್ ಮುಂದೆ ‘ಪೈಥಾನ್ -ಎಮ್’ ಸೇರಿಸಿ

ಪೈಥಾನ್ ಲೈಬ್ರರಿ ಹಾಕಿಕೊಳ್ಳಲು ಇರುವ ಟೂಲ್ ಪಿಪ್ (pip). ಅದನ್ನು ಬಳಸುವಾಗ ಬರೀ ‘ಪಿಪ್ ಇನ್‌ಸ್ಟಾಲ್’ ಅಂತ ಕೊಡಬೇಡಿ. ‘ಪೈಥಾನ್ -ಎಮ್ ಪಿಪ್ ಇನ್‌ಸ್ಟಾಲ್’ ಅಂತ ಕೊಟ್ಟು, ಆಮೇಲೆ ಲೈಬ್ರರಿ ಹೆಸರು ಬರೆಯಿರಿ. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಮೂರು ಪೈಥಾನ್ ಇರುವುದು ಮಾಮೂಲು, ಅಲ್ವಾ? ಬರೀ ಪಿಪ್ ಅಂದರೆ ಅದು ಯಾವ ಪೈಥಾನ್‌ಗೆ ಸೇರಿದ್ದು ಅಂತ ಖಾತ್ರಿ ಇಲ್ಲ. ಲೈಬ್ರರಿ ಒಂದು ಕಡೆ ಕೂತಿರುತ್ತದೆ, ಪ್ರೋಗ್ರಾಂ ಇನ್ನೊಂದು ಕಡೆ ಹುಡುಕಿ ‘ಮಾಡ್ಯೂಲ್ ಸಿಗಲಿಲ್ಲ’ ಅನ್ನುತ್ತದೆ. ಹೀಗೆ ಕೊಟ್ಟರೆ ನೀವು ಕರೆದ ಪೈಥಾನ್‌ಗೇ ಹೋಗಿ ಸೇರುತ್ತದೆ. ಆದರೆ ಲಿನಕ್ಸ್‌ನ ಡೆಬಿಯನ್ 12, ಉಬುಂಟು 23.04 ಮತ್ತು ಅವುಗಳ ಈಚಿನ ಆವೃತ್ತಿಗಳಲ್ಲಿ ಸಿಸ್ಟಮ್ ಜೊತೆಗೇ ಬರುವ ಪೈಥಾನ್ ಇದನ್ನು ಒಪ್ಪುವುದಿಲ್ಲ. ಅಲ್ಲಿ ದಯವಿಟ್ಟು ಬಲವಂತ ಮಾಡಬೇಡಿ, ಸಿಸ್ಟಮ್‌ನ ಎಷ್ಟೋ ಕೆಲಸ ಅದೇ ಪೈಥಾನ್ ಮೇಲೆ ನಿಂತಿದೆ. ‘ಪೈಥಾನ್3 -ಎಮ್ ವೆನ್ವ್’ (python3 -m venv) ಬಳಸಿ ಪ್ರಾಜೆಕ್ಟಿಗೆ ಬೇರೆ ಜಾಗ ಮಾಡಿಕೊಂಡು, ಅದರ ಒಳಗೆ ಇದೇ ಕಮಾಂಡ್ ಕೊಡಿ.