ಶೇಂಗಾ ಮೊಳೆತ ಮೇಲೆ ಕಳೆ ಔಷಧಿ: ಗಿಡ ಹೇಗೆ ತಡೆಯುತ್ತದೆ, ನಾನು ಹೇಗೆ ಹೊಡೆಯುತ್ತೇನೆ

ಚಳ್ಳಕೆರೆ ಸೀಮೆಯ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ಬಿತ್ತುವ ಶೇಂಗಾಕ್ಕೆ ಮೊದಲ 40–45 ದಿನದ ಕಳೆಯೇ ದೊಡ್ಡ ಶತ್ರು. ಹದವಿದ್ದರೆ ಸಾಲಿನ ನಡುವೆ ಕಳೆ ಕೀಳುವ ಎಡೆಕುಂಟೆಗಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಜಡಿಮಳೆ ಹಿಡಿದರೆ ಕುಂಟೆ ಇಳಿಯುವುದಿಲ್ಲ. ಮಳೆ ಬಿಡುವ ಹೊತ್ತಿಗೆ ಹೂವಿನ ಬುಡದಿಂದ ಕಾಯಿ ಕಟ್ಟುವ ಸೂಜಿಗಳು ನೆಲಕ್ಕೆ ಇಳಿಯತೊಡಗಿರುತ್ತವೆ, ಆಮೇಲೆ ಕುಂಟೆ ಹೊಡೆದರೆ ಕಾಯಿಯನ್ನೇ ಕಿತ್ತಂತೆ. ಅದಕ್ಕೇ 15ರಿಂದ 25 ದಿನದೊಳಗೆ ಔಷಧಿಯ ಕೆಲಸ ಮುಗಿಸಿಕೊಳ್ಳುತ್ತೇನೆ.

ಕಳೆ ಸಾಯುತ್ತದೆ, ಶೇಂಗಾ ಉಳಿಯುತ್ತದೆ. ಇದಕ್ಕೆ ಕಾರಣ ಎಲ್ಲ ಔಷಧಿಗೂ ಒಂದೇ ಅಲ್ಲ. ಕ್ವಿಜಾಲೋಫಾಪ್ ಹುಲ್ಲು ಕೊಲ್ಲುವ ಔಷಧಿ; ಅದು ಹುಲ್ಲಿನ ಜಾತಿಯ ಎಲೆಹಸಿರಿನ ಕಣಗಳಲ್ಲಿ ಕೊಬ್ಬಿನಾಮ್ಲ ತಯಾರಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಶೇಂಗಾದಲ್ಲಿ ಆ ಕಿಣ್ವದ ರಚನೆಯೇ ಬೇರೆ, ಔಷಧಿ ಅದಕ್ಕೆ ಅಂಟುವುದಿಲ್ಲ. ಹಾಗಾಗಿ ಇಲ್ಲಿ ಅಪಾಯ ಬಹಳ ಕಡಿಮೆ. ಅಗಲ ಎಲೆಯ ಕಳೆಗೆ ಹೊಡೆಯುವ ಇಮಾಜೆಥಾಪೈರ್ ಕಥೆ ಹಾಗಲ್ಲ. ಅದು ತಡೆಯುವ ಕಿಣ್ವ ಕಳೆಯಲ್ಲೂ ಇದೆ, ಶೇಂಗಾದಲ್ಲೂ ಇದೆ. ಶೇಂಗಾ ಔಷಧಿಯನ್ನು ಬೇಗ ಒಡೆದು, ಸಕ್ಕರೆಯ ಅಣು ಜೋಡಿಸಿ ನಿರುಪದ್ರವಿ ಮಾಡಿಬಿಡುತ್ತದೆ; ಕಳೆಗೆ ಅಷ್ಟು ಬೇಗ ಆಗುವುದಿಲ್ಲ. ಅಂದರೆ ಇಲ್ಲಿ ಬೆಳೆಯನ್ನು ಕಾಯುವುದು ಅದರ ಅರಗಿಸುವ ವೇಗ. ಬರಕ್ಕೆ ಬಾಡಿದ, ನೀರು ನಿಂತು ಬೇರು ಉಸಿರುಗಟ್ಟಿದ, ಮೋಡ ಮುಸುಕಿ ಬಿಸಿಲು ಕಾಣದ ಗಿಡದಲ್ಲಿ ಆ ವೇಗ ಕುಗ್ಗುತ್ತದೆ. ಅಂಥ ದಿನ ಸರಿಯಾದ ಪ್ರಮಾಣವೂ ಹೆಚ್ಚಾಗಿಬಿಡುತ್ತದೆ. ಇದನ್ನು ಮನಸ್ಸಿಗೆ ತಂದುಕೊಂಡರೆ ಹೊಡೆಯುವ ದಿನವನ್ನು ಆರಿಸುವುದು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ.

ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕಾಡು ದಂಟಿನಂಥ ಅಗಲ ಎಲೆಯ ಕಳೆ ಹೆಚ್ಚಿದ್ದರೆ ಎಕರೆಗೆ ಇಮಾಜೆಥಾಪೈರ್ 10 ಎಸ್ಎಲ್ (ನೀರಲ್ಲಿ ಕರಗುವ 10% ದ್ರವ) 400 ಮಿಲೀ. ಕಳೆ ಎರಡರಿಂದ ನಾಲ್ಕು ಎಲೆಯಲ್ಲಿರಬೇಕು. ನಮ್ಮಲ್ಲಿ ಇದು ಬಿತ್ತಿದ 15–20 ದಿನಕ್ಕೆ ಬರುತ್ತದೆ. ಬರೀ ಹುಲ್ಲಾದರೆ ಕ್ವಿಜಾಲೋಫಾಪ್ ಈಥೈಲ್ 5 ಇಸಿ (ಎಣ್ಣೆ ರೂಪದ 5% ದ್ರವ) 400 ಮಿಲೀ, 20–25 ದಿನದೊಳಗೆ. ಜೇಕು ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ, ಕ್ವಿಜಾಲೋಫಾಪ್‌ಗೆ ಅದು ಜಗ್ಗುವುದಿಲ್ಲ. ಇಮಾಜೆಥಾಪೈರ್ ಅದನ್ನು ಸ್ವಲ್ಪ ದಿನ ಕುಗ್ಗಿಸುತ್ತದೆ ಅಷ್ಟೆ, ಗಡ್ಡೆ ಉಳಿದೇ ಇರುತ್ತದೆ.

ಎಕರೆಗೆ 200 ಲೀಟರ್ ನೀರು. 16 ಲೀಟರ್ ಕ್ಯಾನಿನಲ್ಲಿ ಹನ್ನೆರಡೂವರೆ ಕ್ಯಾನು, ಅಂದರೆ ಕ್ಯಾನಿಗೆ 32 ಮಿಲೀ ಔಷಧಿ, ಒಂದು ಕ್ಯಾನು ಮೂರು ಗುಂಟೆಗಿಂತ ಸ್ವಲ್ಪ ಹೆಚ್ಚು ಜಾಗಕ್ಕೆ. ಮೊದಲು ಬರೀ ನೀರು ತುಂಬಿ ಮೂರು ಗುಂಟೆ ಅಳೆದ ಜಾಗದಲ್ಲಿ ನಡೆದು ನೋಡುತ್ತೇನೆ. ಕ್ಯಾನು ಬೇಗ ಖಾಲಿಯಾದರೆ ನಡಿಗೆ ನಿಧಾನವಾಗಿದೆ ಎಂದರ್ಥ, ಹೆಜ್ಜೆ ಚುರುಕು ಮಾಡಬೇಕು. ಅಳತೆಗೆ ಪ್ಲಾಸ್ಟಿಕ್ ಅಳತೆ ಲೋಟವೇ ಆಗಬೇಕು; ಬಾಟಲಿ ಮುಚ್ಚಳದ ಲೆಕ್ಕ ನಂಬುವಂಥದ್ದಲ್ಲ. ಕೀಟನಾಶಕ ಹೊಡೆಯುವ ಗುಂಡು ನಾಝಲ್ ತೆಗೆದು ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡುವ ನಾಝಲ್ ಹಾಕಬೇಕು. ಇಮಾಜೆಥಾಪೈರ್ ಜೊತೆ ಲೀಟರಿಗೆ 2 ಗ್ರಾಂ ಅಮೋನಿಯಂ ಸಲ್ಫೇಟ್ ಮತ್ತು 1.5 ಮಿಲೀ ಅಂಟುದ್ರಾವಣ ಬೆರೆಸುತ್ತೇನೆ. ನಮ್ಮ ಬೋರ್‌ವೆಲ್ ಗಡಸು ನೀರಿಗೆ ಅದು ಬೇಕೇ ಬೇಕು. ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು, ನೆಲದಲ್ಲಿ ತೇವವಿದ್ದಾಗ ಹೊಡೆಯಬೇಕು. ಆಮೇಲೆ ಎರಡು ಮೂರು ತಾಸು ಮಳೆ ಬರಬಾರದು.

ವಾರದೊಳಗೆ ಶೇಂಗಾದ ತುದಿಯ ಎಳೆ ಎಲೆ ನಿಂಬೆ ಹಳದಿಗೆ ತಿರುಗಬಹುದು, ಗಿಡ ನಾಲ್ಕು ದಿನ ನಿಂತಂತೆ ಕಾಣಬಹುದು. ಗಾಬರಿಯಾಗಿ ಯೂರಿಯಾ ಚೆಲ್ಲುವ ಅಗತ್ಯವಿಲ್ಲ. ತೇವವಿದ್ದರೆ ಎರಡು ಮೂರು ವಾರದಲ್ಲಿ ಹೊಸ ಎಲೆ ಹಸಿರಾಗಿಯೇ ಬರುತ್ತದೆ. ಸುಣ್ಣದಂಶದ ಹೊಲದಲ್ಲಿ ಕಬ್ಬಿಣದ ಕೊರತೆಯೂ ತುದಿ ಎಲೆಯನ್ನೇ ಹಳದಿ ಮಾಡುತ್ತದೆ, ಆಗ ಎಲೆಯ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಎರಡನ್ನೂ ಬೇರ್ಪಡಿಸಲು ಪ್ರತಿ ಸಲ ನಾಲ್ಕು ಸಾಲು ಹೊಡೆಯದೆ ಬಿಡುತ್ತೇನೆ. ಅಲ್ಲೂ ಹಳದಿಯಿದ್ದರೆ ಔಷಧಿಯ ತಪ್ಪಲ್ಲ. ಅಸಿಫ್ಲೋರ್ಫೆನ್ ಎಂಬ ಇನ್ನೊಂದು ಕಳೆ ಔಷಧಿ ಸೇರಿದ ಮಿಶ್ರಣ ಹೊಡೆದಾಗ ಎರಡು ಮೂರು ದಿನಕ್ಕೇ ಕಂಚು ಬಣ್ಣದ ಚುಕ್ಕೆ ಏಳುತ್ತದೆ. ಅದು ಹನಿ ಬಿದ್ದ ಎಲೆಗಷ್ಟೇ, ಮುಂದಿನ ಎಲೆ ಸ್ವಚ್ಛವಾಗಿರುತ್ತದೆ. ಅದರ ಜೊತೆ ಎಣ್ಣೆ ರೂಪದ ಕೀಟನಾಶಕ ಬೆರೆಸಿದರೆ ಸುಟ್ಟ ಗಾಯ ಹೆಚ್ಚುತ್ತದೆ.

ಕ್ವಿಜಾಲೋಫಾಪ್ ಹೊಡೆದ ಹುಲ್ಲು ಐದಾರು ದಿನ ಹಸಿರಾಗೇ ನಿಂತಿರುತ್ತದೆ. ಔಷಧಿ ಹಿಡಿಯಲಿಲ್ಲ ಎಂದು ಮತ್ತೆ ಹೊಡೆಯುವವರಿದ್ದಾರೆ, ದುಡ್ಡು ದಂಡ. ಎಂಟು ಹತ್ತನೇ ದಿನ ನಡುಸುಳಿ ಹಿಡಿದು ಮೆಲ್ಲಗೆ ಎಳೆಯಿರಿ. ಬುಡ ಕಂದಾಗಿ ಕೊಳೆತು, ಸುಳಿ ಸಲೀಸಾಗಿ ಕೈಗೆ ಬಂದರೆ ಹುಲ್ಲು ಸತ್ತಂತೆಯೇ.

ಬೆಳೆ ಕೆಡುವುದು ಹೆಚ್ಚಾಗಿ ಕ್ಯಾನಿನಿಂದ. ಜೋಳಕ್ಕೋ ಭತ್ತಕ್ಕೋ 2,4-ಡಿ ಎಂಬ ಅಗಲ ಎಲೆಯ ಕಳೆಯ ಔಷಧಿ ಹೊಡೆದ ಕ್ಯಾನನ್ನು ನೀರಲ್ಲಿ ಅಲ್ಲಾಡಿಸಿ ತಂದರೆ, ಪೈಪು ವಾಷರಿನಲ್ಲಿ ಉಳಿದ ಅಂಶ ಸಾಕು: ಎಲೆ ತೊಟ್ಟು ತಿರುಚಿಕೊಂಡು ಕಾಂಡ ಬಾಗುತ್ತದೆ. ಶೇಂಗಾಕ್ಕೆ ಬೇರೆ ಕ್ಯಾನು ಇಟ್ಟಿದ್ದೇನೆ. ಕ್ಯಾನಿನ ಬೆಲೆ ಒಂದು ಎಕರೆ ಬೆಳೆಗಿಂತ ಬಹಳ ಕಡಿಮೆ.

ಶೇಂಗಾ ನಡುವಿನ ಅಕ್ಕಡಿ (ಮಿಶ್ರಬೆಳೆ) ಸಾಲಿನಲ್ಲಿ ಜೋಳ, ಸಜ್ಜೆ, ನವಣೆ ಇದ್ದರೆ ಕ್ವಿಜಾಲೋಫಾಪ್ ಅವನ್ನು ಹುಲ್ಲಿನ ಜೊತೆಯಲ್ಲೇ ಕೊಲ್ಲುತ್ತದೆ. ತೊಗರಿಗೆ ಏನೂ ಆಗದು. ಇಮಾಜೆಥಾಪೈರ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮಳೆ ಕಡಿಮೆಯಾದ ವರ್ಷ ಇನ್ನೂ ಹೆಚ್ಚು. ಶೇಂಗಾ ಕಿತ್ತ ಹೊಲಕ್ಕೆ ಆ ಹಿಂಗಾರಿನಲ್ಲೇ ಸಾಸಿವೆ, ಜೋಳ, ತರಕಾರಿ ಹಾಕುವ ಯೋಚನೆಯಿದ್ದರೆ ಇಮಾಜೆಥಾಪೈರ್ ಮುಟ್ಟುವುದಿಲ್ಲ; ಹೊಡೆದಿದ್ದರೆ ಕಡಲೆ ಹಾಕುತ್ತೇನೆ. ಅನುಮಾನ ಬಂದರೆ ಹೊಲದ ಮಣ್ಣು ಒಂದು ಕುಂಡಕ್ಕೆ, ಔಷಧಿ ಕಾಣದ ಬದುವಿನ ಮಣ್ಣು ಇನ್ನೊಂದಕ್ಕೆ ತುಂಬಿ ಎರಡರಲ್ಲೂ ಸಾಸಿವೆ ಚೆಲ್ಲುತ್ತೇನೆ. ಹದಿನೈದು ದಿನಕ್ಕೆ ಎರಡೂ ಕುಂಡದ ಸಸಿ ಒಂದೇ ಎತ್ತರಕ್ಕೆ ಬಂದಿದ್ದರೆ ಮಾತ್ರ ಬಿತ್ತನೆ.