ಬಾಗುವ ಫೈಬರ್ ಕೇಬಲ್: ಮೂಲೆ ತಿರುಗಿಸುವಾಗ ಇರಲಿ ಎಚ್ಚರ

‘ಇದು ಬಾಗುವ ಫೈಬರ್ ಸಾರ್, ಏನೂ ಆಗಲ್ಲ’ ಎನ್ನುತ್ತಾ ಕೇಬಲನ್ನು ಬಾಗಿಲ ಚೌಕಟ್ಟಿನ ಮೂಲೆಗೆ ಒತ್ತಿ ಮೊಳೆ ಹೊಡೆದು ಹೋಗುವವರು ಬಹಳ. ಅವತ್ತು ಇಂಟರ್ನೆಟ್ ಸ್ಪೀಡ್ ಚೆನ್ನಾಗಿಯೇ ಬರುತ್ತದೆ. ಈ ಫೈಬರಿನಲ್ಲಿ ಬೆಳಕು ಸಾಗುವ ತಿರುಳಿನ ಸುತ್ತ ವಕ್ರೀಭವನಾಂಕ (ಬೆಳಕನ್ನು ಬಗ್ಗಿಸುವ ಗುಣದ ಅಳತೆ) ಕಡಿಮೆಯಿರುವ ಒಂದು ಉಂಗುರವಿದ್ದು, ಬಾಗಿದರೂ ಬೆಳಕು ಸೋರದಂತೆ ತಡೆಯುತ್ತದೆ. ಆದರೆ ಗಾಜು ಗಾಜೇ. ಬಾಗಿನ ಹೊರಮೈ ಸದಾ ಎಳೆತದಲ್ಲಿರುತ್ತದೆ; ಅಲ್ಲಿರುವ ಕಣ್ಣಿಗೆ ಕಾಣದ ಗೀರುಗಳು ತೇವಾಂಶ ತಗುಲಿ ಬೆಳೆದು, ಒಂದು ದಿನ ಎಳೆ ತುಂಡಾಗುತ್ತದೆ.

ಹಂತ 1: ಕೇಬಲ್ ಮೇಲಿನ ಮುದ್ರಣ ಓದಿ. ಮನೆಯೊಳಗೆ ಜಿ.657.ಎ2 ದರ್ಜೆಯ ಬಾಗುವ ಫೈಬರ್ ಹಾಕಿ. ಅದರ ಕನಿಷ್ಠ ಬಾಗು ತ್ರಿಜ್ಯ 7.5 ಮಿ.ಮೀ.; ಜಿ.657.ಎ1ಗೆ 10, ಹಳೆಯ ಸಾಮಾನ್ಯ ಫೈಬರ್ ಜಿ.652.ಡಿಗೆ 30. ಇವು ಒಳಗಿನ ಎಳೆಯ ಲೆಕ್ಕ, ಕವಚ ಸಹಿತ ಕೇಬಲಿನದಲ್ಲ. ಮುದ್ರಣವೇ ಇಲ್ಲದ ಅಗ್ಗದ ಸುರುಳಿ ಕೊಳ್ಳಲೇಬೇಡಿ.

ಹಂತ 2: ಕಂಬದಿಂದ ಬಂದ ಕೇಬಲಿನ ಉಕ್ಕಿನ ತಂತಿಯನ್ನು ಗೋಡೆಯ ಕೊಕ್ಕೆಗೇ ಮುಗಿಸಿ, ಒಳಗೆ ತರಬೇಡಿ. ಗೋಡೆಯ ತೂತು ಹೊರಕ್ಕೆ ಇಳಿಜಾರಾಗಿರಲಿ. ಮಳೆನೀರು ತೊಟ್ಟಿಕ್ಕಲು ಹೊರಗೆ ಒಂದು ಜೋಲು ಬಿಡಿ.

ಹಂತ 3: ಮೂಲೆ. ಕೆಲಸ ಕೆಡುವುದೇ ಇಲ್ಲಿ. ಮನೆಗೆ ಎಳೆಯುವ ಚಪ್ಪಟೆ ಕೇಬಲ್ (ಡ್ರಾಪ್ ಕೇಬಲ್) ಸುಮಾರು 2×3 ಮಿ.ಮೀ. ನಡುವೆ ಫೈಬರ್, ಅದರ ಎರಡೂ ಪಕ್ಕ ಕೇಬಲಿಗೆ ಬಲ ಕೊಡುವ ಒಂದೊಂದು ಕಡ್ಡಿ (ಬಲಕಡ್ಡಿ). ಚಪ್ಪಟೆ ಮುಖದ ಕಡೆಗೆ ಅದು ಸಲೀಸಾಗಿ ಬಾಗುತ್ತದೆ. ಹಾಗಾಗಿ ಒಂದು ಗೋಡೆಯಿಂದ ಪಕ್ಕದ ಗೋಡೆಗೆ ಹೊರಳುವುದು ಕಷ್ಟವಲ್ಲ. ತೊಂದರೆಯಿರುವುದು ಅದೇ ಗೋಡೆಯ ಮೇಲೆ, ನೆಲದಂಚಿನಿಂದ ಬಾಗಿಲ ಪಕ್ಕ ಮೇಲೇರುವಾಗ. ಆಗ ಕೇಬಲ್ ಅಂಚಿನ ಕಡೆಗೆ ಬಾಗಬೇಕು. ಹೊರಗಿನ ಕಡ್ಡಿ ಎಳೆಯುತ್ತದೆ, ಒಳಗಿನದು ಮಡಚಿಕೊಳ್ಳುತ್ತದೆ, ನಡುವಿನ ಎಳೆ ನಲುಗುತ್ತದೆ.

ತಿರುವಿಗೆ ಒಂದು ಗೇಣು ಮೊದಲೇ ಕೇಬಲನ್ನು ಕಾಲು ಸುತ್ತು ಹೊರಳಿಸಿ, ಅಂಚು ಗೋಡೆಗೆ ತಾಗುವಂತೆ ಮಾಡಿ. ಈಗ ತಿರುವು ಚಪ್ಪಟೆ ಮುಖದ ಕಡೆಗೇ ಬರುತ್ತದೆ. ದಾಟಿದ ಮೇಲೆ ಹಿಂದಕ್ಕೆ ಹೊರಳಿಸಿ. ಅಳತೆಗೆ 2-6ರ ಬಳೆ ಇಟ್ಟುಕೊಳ್ಳಿ: ಒಳವ್ಯಾಸ 60 ಮಿ.ಮೀ., ಅಂದರೆ ತ್ರಿಜ್ಯ 30. ಕೂರಿಸಿದ ಮೇಲೆ 15 ಮಿ.ಮೀ. ಸಾಕೆನ್ನುವ ಕೇಬಲುಗಳಿವೆ, ಆದರೂ ಜಾಗವಿದ್ದಲ್ಲಿ ಬಳೆಯ ಅಳತೆಯನ್ನೇ ಉಳಿಸಿ. ತಿರುವಿನ ಮೇಲೆ ಕ್ಲಿಪ್ ಬೇಡ, ಎರಡೂ ಬದಿ 5 ಸೆಂ.ಮೀ. ಬಿಟ್ಟು ಹೊಡೆಯಿರಿ. ಕವಚದಲ್ಲಿ ಬಿಳಿ ಗೆರೆ ಮೂಡಿದರೆ ಅಥವಾ ಒಳಗೆ ‘ಚಟ್’ ಎಂದರೆ ಬಲಕಡ್ಡಿ ಹೋಯಿತು ಎಂದರ್ಥ. ನೆಟ್ಟಗೆ ಮಾಡಿ ಮುಂದುವರಿಯುವುದಲ್ಲ, ಆ ಕೇಬಲನ್ನೇ ಬದಲಿಸಬೇಕು.

ಹಂತ 4: ಉಳಿದೆಡೆ 30-40 ಸೆಂ.ಮೀ.ಗೊಂದು ಕ್ಲಿಪ್. ಬೆರಳಿನಿಂದ ಎಳೆದರೆ ಕೇಬಲ್ ಅದರೊಳಗೆ ಜಾರಬೇಕು. ಸ್ಟೇಪಲ್ ಗನ್ ಮುಟ್ಟಬೇಡಿ. ಬಿಗಿದು ಕಟ್ಟಿದ ಕೇಬಲ್ ಟೈ ಕೂಡ ಅಷ್ಟೇ ಕೆಟ್ಟದ್ದು.

ಹಂತ 5: ಸ್ಥಳದಲ್ಲೇ ಕೂರಿಸುವ ಫಾಸ್ಟ್ ಕನೆಕ್ಟರ್‌ಗಿಂತ, ಕನೆಕ್ಟರ್ ಮೊದಲೇ ಕೂಡಿಸಿರುವ ತುಂಡು ಫೈಬರನ್ನು (ಪಿಗ್‌ಟೇಲ್) ಬೆಸೆಯುವುದೇ (ಸ್ಪ್ಲೈಸ್) ಮೇಲು. ಕನೆಕ್ಟರೇ ಹಾಕುವುದಾದರೆ ಅದೇ ಪೊಟ್ಟಣದ ಅಳತೆಪಟ್ಟಿಯಂತೆ ಸುಲಿದು, ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಫೈಬರ್ ಕತ್ತರಿಸುವ ಸಾಧನ ಕ್ಲೀವರ್‌ನಲ್ಲೇ ಕತ್ತರಿಸಿ. ಬ್ಲೇಡು, ಕತ್ತರಿ ಬೇಡ. ಒಳಗೆ ತಳ್ಳಿದಾಗ ಎಳೆ ಹಿಂದುಗಡೆ ತುಸು ಕಮಾನಾದರೆ ತುದಿ ತಾಗಿದೆ ಎಂದರ್ಥ, ಆಗಲೇ ಲಾಕ್ ಮಾಡಿ. ಹಸಿರು ಕನೆಕ್ಟರಿನ (ಎಸ್‌ಸಿ/ಎಪಿಸಿ) ತುದಿ 8 ಡಿಗ್ರಿ ಓರೆ; ಅದನ್ನು ಓರೆಯಿಲ್ಲದ ನೀಲಿ ಕನೆಕ್ಟರಿಗೆ ಜೋಡಿಸಿದರೆ ಸಿಗ್ನಲ್ ಕುಸಿಯುತ್ತದೆ.

ಕತ್ತರಿಸಿದ ಗಾಜಿನ ಚೂರುಗಳನ್ನು ಆಗಿಂದಾಗಲೇ ಮುಚ್ಚಳದ ಬಾಟಲಿಗೆ ಹಾಕಿ. ಕೂದಲೆಳೆಯಂಥ ತೆಳು ಚೂರು ಬೆರಳಿಗೆ ಹೊಕ್ಕರೆ ಕಾಣುವುದೇ ಇಲ್ಲ. ಕಣ್ಣಿಗೆ ಕನ್ನಡಕವಿರಲಿ, ಕೈ ತೊಳೆಯದೆ ಏನೂ ತಿನ್ನಬೇಡಿ. ತುದಿಯನ್ನು ಇಣುಕಿ ನೋಡಬೇಡಿ, ಅಲ್ಲಿನ ಬೆಳಕು ಕಣ್ಣಿಗೆ ಕಾಣದ ಅವಗೆಂಪು.

ಹಂತ 6: ಬೆಳಕಿನ ಬಲ ಅಳೆಯುವ ಪವರ್ ಮೀಟರನ್ನು 1490 ನ್ಯಾನೋಮೀಟರ್ ತರಂಗಾಂತರಕ್ಕೆ ಇಟ್ಟು, ಕೇಬಲ್ ಹೊರಡುವ ಹೊರಗಿನ ಪೆಟ್ಟಿಗೆಯಲ್ಲೂ ಮನೆಯೊಳಗೂ ಅಳೆಯಿರಿ. 50 ಮೀಟರ್ ಕೇಬಲ್ ತಿನ್ನುವ ಸಿಗ್ನಲ್ ನಗಣ್ಯ. ವ್ಯತ್ಯಾಸ 1 ಡೆಸಿಬೆಲ್ ದಾಟಿದರೆ ಮೊದಲು ತುದಿ ಒರೆಸಿ, ಆಮೇಲೆ ಕನೆಕ್ಟರ್ ಬಿಚ್ಚಿ ನೋಡಿ. ಎ2 ಎಳೆಯ ಬಿಗಿ ಬಾಗು ಈ ಮೀಟರಿನಲ್ಲಿ ಕಾಣಿಸದೇ ಹೋಗಬಹುದು. ಆದ್ದರಿಂದ ಒಂದೊಂದು ಮೂಲೆಯನ್ನೂ ಬಳೆ ಹಿಡಿದೇ ನೋಡಬೇಕು. ಬಂದ ಅಳತೆಯನ್ನೂ ದಿನಾಂಕವನ್ನೂ ಪೆಟ್ಟಿಗೆಯ ಮುಚ್ಚಳದ ಒಳಬದಿ ಮಾರ್ಕರಿನಲ್ಲಿ ಬರೆಯಿರಿ, ಮುಂದೆ ರಿಪೇರಿಗೆ ಬರುವವರು ಅದರಿಂದಲೇ ಹುಡುಕಲು ಶುರು ಮಾಡುತ್ತಾರೆ.